ಹಾಲು ಬಿಟ್ಟವರ ಕಣ್ಣು

1516ರ ಜನವರಿ 6ರಂದು ಆಂದ್ರಿಯಾ ಕೊರ್ಸಾಲಿ ಎಂಬ ಫ್ಲಾರೆನ್ಸಿನ ಪ್ರವಾಸಿಯೊಬ್ಬ ಕೊಚ್ಚಿಯಿಂದ ತನ್ನೂರಿನ ಜೂಲಿಯಾನೊ ದೆ ಮೆದಿಚಿಗೆ ಒಂದು ದೀರ್ಘ ಪತ್ರ ಬರೆದ. (ಪತ್ರದ ಮೇಲಿರುವ ವರ್ಷ 1515, ಫ್ಲಾರೆನ್ಸಿನವರ ಹೊಸ ವರ್ಷ ಆಗ ಮಾರ್ಚ್ 25ಕ್ಕೆ ಆರಂಭವಾಗುತ್ತಿತ್ತು.) ಪೋರ್ಚುಗೀಸರ ಹಡಗಿನಲ್ಲಿ ಬಂದಿದ್ದ ಈತ ದಕ್ಷಿಣದ ಆಕಾಶದಲ್ಲಿ ಕಂಡ ಶಿಲುಬೆಯಾಕಾರದ ನಕ್ಷತ್ರಗಳನ್ನು ಬಣ್ಣಿಸಿ ಚಿತ್ರವನ್ನೂ ಬರೆದಿದ್ದರಿಂದ ಖಗೋಳದ ಚರಿತ್ರಕಾರರು ಈ ಪತ್ರವನ್ನು ನೆನೆಯುತ್ತಾರೆ. ಕಲೆಯ ಚರಿತ್ರಕಾರರು ನೆನೆಯುವುದು ಬೇರೊಂದು ಕಾರಣಕ್ಕೆ. ಖಂಭಾತದ ಕಡೆಯ ಗುಜರಾತಿ ವರ್ತಕರ ವಿಷಯಕ್ಕೆ ಬಂದಾಗ ಕೊರ್ಸಾಲಿ, ಈ ಜನ ರಕ್ತವುಳ್ಳ ಯಾವುದನ್ನೂ ತಿನ್ನುವುದಿಲ್ಲ, ಯಾವ ಜೀವಿಗೂ ಕೇಡಾಗಗೊಡುವುದಿಲ್ಲ ಎಂದು ಹೇಳಿ, ಅವರನ್ನು ತಮ್ಮೂರಿನ ಲಿಯೊನಾರ್ಡೊ ಡ ವಿಂಚಿಗೆ ಹೋಲಿಸುತ್ತಾನೆ. ಲಿಯೊನಾರ್ಡೊ ಆ ಕಾಲಕ್ಕೆ ಇದೇ ಜೂಲಿಯಾನೊನ ಆಶ್ರಯದಲ್ಲಿದ್ದ. ಹೋಲಿಕೆ ಓದುವವನಿಗೆ ಕೂಡಲೇ ತಿಳಿಯುವಂಥದು. ಆ ಮಹಾಕಲಾವಿದ ಮಾಂಸ ತಿನ್ನುತ್ತಿರಲಿಲ್ಲ ಎಂಬುದಕ್ಕೆ ಅವನ ಜೀವಿತಕಾಲದ ಮುಖ್ಯ ಸಾಕ್ಷ್ಯ ಹೀಗೆ ಕೊಚ್ಚಿಯಲ್ಲಿ ಕುಳಿತು ಬರೆದ ಒಂದು ವಾಕ್ಯ.

ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಅದರ ಮುಂದಿನ ಮಾತು. ಈ ಜನ ಅಕ್ಕಿ, ಹಾಲು ಮತ್ತು ಇತರ ನಿರ್ಜೀವ ಆಹಾರಗಳಿಂದ ಬದುಕುತ್ತಾರೆಂದು ಆತ ಬರೆಯುತ್ತಾನೆ. ಅಕ್ಕಿಯ ಪಕ್ಕದಲ್ಲಿ ಹಾಲು, ಎರಡೂ ನಿರ್ಜೀವ. ಬರೆದ ಇಟಲಿಯವನಿಗೂ, ಅವನು ಕಂಡ ಗುಜರಾತಿಗಳಿಗೂ, ಸುತ್ತಲಿದ್ದ ಮಲೆಯಾಳಿಗಳಿಗೂ ಆ ಪಟ್ಟಿಯಲ್ಲಿ ವಿಚಿತ್ರವಾದದ್ದೇನೂ ಕಾಣಿಸಿರಲಾರದು. ಇಂದು ವೀಗನ್ ಎಂದು ಕರೆದುಕೊಳ್ಳುವವರ ಜಗಳವೆಲ್ಲ ಆ ಪಟ್ಟಿಯ ಎರಡನೆಯ ಪದಾರ್ಥದ ಮೇಲೆ.

ಈ ಜಗಳದ ಚರಿತ್ರೆಯಲ್ಲಿ ನನಗೊಂದು ಪ್ರಶ್ನೆ ಇದೆ. ಮನುಷ್ಯರು ಅಭಿಪ್ರಾಯ ಬದಲಾದ ಮೇಲೆ ಆಹಾರ ಬಿಡುತ್ತಾರೋ, ಆಹಾರ ಬಿಟ್ಟ ಮೇಲೆ ಅವರ ಅಭಿಪ್ರಾಯ ಬದಲಾಗುತ್ತದೋ? ಮೊದಲನೆಯದೇ ಸಹಜವೆಂದು ನಾವು ನಂಬಿದ್ದೇವೆ. ನಾನು ಓದಿದ ಮಟ್ಟಿಗೆ ಎರಡನೆಯದಕ್ಕೇ ಹೆಚ್ಚು ಸಾಕ್ಷ್ಯ ಸಿಗುತ್ತದೆ. ಬಿಡುವ ಮೊದಲು ಪ್ರಶ್ನೆ ತಿನ್ನುವವನ ಸುತ್ತ ಇರುತ್ತದೆ: ನನ್ನ ಶುದ್ಧಿ, ನನ್ನ ಕುಲ, ನನ್ನ ಆರೋಗ್ಯ, ನನ್ನ ವ್ರತ. ಬಿಟ್ಟು ಕೆಲಕಾಲವಾದ ಮೇಲೆ ಅದು ಮೆಲ್ಲಗೆ ಪ್ರಾಣಿಯ ಕಡೆಗೆ ಸರಿಯುತ್ತದೆ.

ಕೊಚ್ಚಿಯಲ್ಲಿ ಬಿಡುವಿಕೆಯ ಬಗೆಗಳು ಎಷ್ಟೆಂಬುದನ್ನು ನೋಡಲು ಮಟ್ಟಾಂಚೇರಿಯ ಎರಡು ಮೂರು ಬೀದಿ ಸಾಕು. ಗುಜರಾತಿ ರಸ್ತೆಯ ಆಸುಪಾಸಿನ ಜೈನರು 1904ರಲ್ಲಿ ಕಟ್ಟಿದ ಧರ್ಮನಾಥನ ದೇವಾಲಯದಲ್ಲಿ ಇಂದಿಗೂ ಪಾರಿವಾಳಗಳಿಗೆ ಕಾಳು ಹಾಕುವುದನ್ನು ನೋಡಲು ಪ್ರವಾಸಿಗರು ಸೇರುತ್ತಾರೆ. ಅಲ್ಲಿಂದ ಸ್ವಲ್ಪ ದೂರದಲ್ಲಿ, ಗೋವೆಯಲ್ಲಿ ಪೋರ್ಚುಗೀಸರ ಕಾಟ ತಾಳದೆ ಬಂದ ಗೌಡ ಸಾರಸ್ವತರ ತಿರುಮಲ ದೇವಸ್ವಂ. ಅವರಲ್ಲಿ ಮೀನು ಅನೇಕರಿಗೆ ಸಲ್ಲುತ್ತದೆ, ವ್ರತದ ದಿನ ಸಲ್ಲುವುದಿಲ್ಲ. ಸಮುದ್ರದ ತರಕಾರಿ ಎಂಬ ಹಳೆಯ ತಮಾಷೆ ಕರಾವಳಿಯ ಕನ್ನಡಿಗರಿಗೆ ಹೊಸದೇನಲ್ಲ. ಇನ್ನು ಸ್ವಲ್ಪ ನಡೆದರೆ ಫೋರ್ಟ್ ಕೊಚ್ಚಿಯ ಚೀನಾ ಬಲೆಗಳು, ಅವುಗಳ ಪಕ್ಕದಲ್ಲೇ ಮೀನಿನ ಮಾರಾಟ. ಇವರಲ್ಲಿ ಯಾರನ್ನು ಕೇಳಿದರೂ ತಮ್ಮ ಆಹಾರಕ್ಕೆ ಕೊಡುವ ಕಾರಣ ಒಂದೇ: ನಮ್ಮಲ್ಲಿ ಹೀಗೆ. ಹುಟ್ಟಿನೊಂದಿಗೆ ಬಂದ ನಿಯಮಕ್ಕೆ ಇದಕ್ಕಿಂತ ಪ್ರಾಮಾಣಿಕ ಉತ್ತರ ಇರಲಾರದು.

ಹೊರಗಿನಿಂದ ನೋಡುವವರಿಗೆ ಬಿಟ್ಟವನು ಎಂದೂ ಸ್ವಲ್ಪ ನಗೆಪಾಟಲಿನ ವ್ಯಕ್ತಿ. ಕೊರ್ಸಾಲಿಯ ಕಾಲದಲ್ಲೇ ಮಲಬಾರಿನಲ್ಲಿ ಪೋರ್ಚುಗೀಸರ ಬರಹಗಾರನಾಗಿದ್ದ ದುವಾರ್ತೆ ಬಾರ್ಬೊಸಾ, ಗುಜರಾತಿನ ಬನಿಯಾಗಳ ಎದುರಿಗೆ ಜನ ಹಕ್ಕಿಗಳನ್ನೂ ಹುಳಗಳನ್ನೂ ತಂದು ಕೊಲ್ಲುವಂತೆ ನಟಿಸುತ್ತಿದ್ದರೆಂದೂ, ಆ ವರ್ತಕರು ಹಣ ಕೊಟ್ಟು ಅವನ್ನು ಬಿಡಿಸಿಕೊಳ್ಳುತ್ತಿದ್ದರೆಂದೂ ದಾಖಲಿಸಿದ್ದಾನೆ. ದಯೆಯನ್ನು ಸುಲಿಗೆ ಮಾಡುವ ಉಪಾಯ ದಯೆಯಷ್ಟೇ ಹಳೆಯದು.

ನಮ್ಮ ಎಂ. ಎನ್. ಶ್ರೀನಿವಾಸರು ಕೊಡಗಿನ ಸಮಾಜವನ್ನು ಕುರಿತು 1952ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಂಸ್ಕೃತೀಕರಣದ ವಿವರಣೆ ಬರುತ್ತದೆ. ಕೆಳಗಿನ ಜಾತಿಯೊಂದು ಮಾಂಸವನ್ನೂ ಮದ್ಯವನ್ನೂ ಬಿಟ್ಟು, ಆಚಾರಗಳನ್ನು ಬದಲಿಸಿಕೊಂಡು, ಒಂದೆರಡು ತಲೆಮಾರಿನಲ್ಲಿ ಮೇಲಿನ ಮೆಟ್ಟಿಲಿಗೆ ಹಕ್ಕು ಸಾಧಿಸುವ ಕ್ರಮ ಅದು. ಇಲ್ಲಿ ಊಟದ ಎಲೆ ಒಂದು ಏಣಿ. ಆ ಏಣಿಯ ಮೇಲಿನ ಮೆಟ್ಟಿಲಲ್ಲಿ ಹುಟ್ಟಿದವರು ಮೀನು ಮಾರುಕಟ್ಟೆಯ ಬಳಿ ಮೂಗು ಮುಚ್ಚಿಕೊಳ್ಳುವಾಗ ಅವರ ಮನಸ್ಸಿನಲ್ಲಿ ಮೀನಿನ ಸಂಕಟ ಇರುವುದಿಲ್ಲ. ಕೇರಳದಲ್ಲಿ ನೆಲೆಸಿದ ನಮ್ಮವರ ಕೂಟಗಳಲ್ಲಿ ಈ ಮೂಗು ಮುಚ್ಚುವ ಮಾತು ಎಷ್ಟು ಬಾರಿ ಬರುತ್ತದೆಂಬುದು ಇದನ್ನು ಓದುವ ಹಲವರಿಗೆ ಗೊತ್ತು.

ಇದಕ್ಕೆ ಎದುರಾದ ಒಂದು ಬಗೆ ಹುಟ್ಟಿದ್ದು ತಿರುವನಂತಪುರದ ಸುತ್ತಮುತ್ತ, 19ನೆಯ ಶತಮಾನದ ಕೊನೆಯ ಭಾಗದಲ್ಲಿ. ನಗರದ ಕಣ್ಣಮ್ಮೂಲೆಯಲ್ಲಿ 1853ರಲ್ಲಿ ಹುಟ್ಟಿದ ಚಟ್ಟಂಬಿ ಸ್ವಾಮಿಗಳು ಮೀನು ಮಾಂಸ ಸಲ್ಲುವ ನಾಯರ್ ಸಮುದಾಯದವರು. ಅವರು ‘ಜೀವಕಾರುಣ್ಯ ನಿರೂಪಣಂ’ ಎಂಬ ಪ್ರಬಂಧವನ್ನೇ ಬರೆದು, ಮನುಷ್ಯನ ದೇಹರಚನೆ ಮಾಂಸಕ್ಕೆ ಹೇಳಿಸಿದ್ದಲ್ಲವೆಂದು ವಾದಿಸಿದರು. ಅವರ ಹೆಸರಿನಲ್ಲಿ ಒಂದು ಕಥೆ ಪ್ರಚಾರದಲ್ಲಿದೆ. ದೊಡ್ಡ ಅಧಿಕಾರಿಯೊಬ್ಬರು ಊಟಕ್ಕೆ ಕರೆದಾಗ ತಮ್ಮೊಂದಿಗೆ ಶಿಷ್ಯರೂ ಬರುತ್ತಾರೆಂದು ಹೇಳಿ, ಬೀದಿನಾಯಿಗಳ ಗುಂಪಿನೊಂದಿಗೆ ಬಂದರಂತೆ. ನಾಯಿಗಳು ಸಾಲಾಗಿ ಕುಳಿತು ಎಲೆಯಲ್ಲಿ ಬಡಿಸಿದ್ದನ್ನು ಉಂಡವಂತೆ.

ಅವರಿಗಿಂತ ಮೂರು ವರ್ಷ ಕಿರಿಯರು, ಅದೇ ಸೀಮೆಯ ಚೆಂಪಳಂತಿಯ ನಾರಾಯಣ ಗುರುಗಳು. 1888ರಲ್ಲಿ ನೆಯ್ಯಾಟಿಂಕರದ ಬಳಿ ಅರುವಿಪ್ಪುರದಲ್ಲಿ ಶಿವನನ್ನು ಪ್ರತಿಷ್ಠಾಪಿಸಿ ಅವರು ಆರಂಭಿಸಿದ ಕಾರ್ಯ 1912ರಲ್ಲಿ ನಮ್ಮ ಮಂಗಳೂರಿನ ಕುದ್ರೋಳಿಯವರೆಗೆ ಬಂತು. ಊರೂರಿನಲ್ಲಿ ಕೋಳಿ, ಕುರಿಗಳ ರಕ್ತ ಬೇಡುತ್ತಿದ್ದ ದೈವಗಳನ್ನು ತೆಗೆಸಿ ಅವರು ಬೇರೆ ದೇವರನ್ನಿಟ್ಟದ್ದನ್ನು ಸಂಸ್ಕೃತೀಕರಣವೆಂದೇ ಓದುವ ವಿದ್ವಾಂಸರಿದ್ದಾರೆ. ಹೊರರೂಪಕ್ಕೆ ಅದು ಸರಿಯೂ ಹೌದು. ಆದರೆ ಅವರ ‘ಜೀವಕಾರುಣ್ಯ ಪಂಚಕಂ’ ಎಂಬ ಐದು ಪದ್ಯಗಳ ಪುಟ್ಟ ಕೃತಿಯನ್ನು ಓದಿದ ಮೇಲೆ ಆ ವಿವರಣೆ ಸಾಲದೆಂದು ನನಗೆ ಅನ್ನಿಸಿತು. ಅಲ್ಲಿ ಶುದ್ಧಿಯ ಮಾತಿಗೆ ಮಹತ್ವವಿಲ್ಲ. ತಿನ್ನುವವನಿಲ್ಲದಿದ್ದರೆ ಕೊಲ್ಲುವವನೂ ಇರುವುದಿಲ್ಲ, ಆದ್ದರಿಂದ ಕೊಲ್ಲಿಸಿ ತಿನ್ನುವುದು ಕೊಲ್ಲುವುದಕ್ಕಿಂತ ಹಿರಿದಾದ ಪಾಪ ಎಂಬ ತರ್ಕವಿದೆ. ಜಾತಿವ್ಯವಸ್ಥೆ ಕೊಲ್ಲುವ ಕೈಯನ್ನು ಮೈಲಿಗೆ ಮಾಡಿ ತಿನ್ನುವ ಬಾಯಿಯನ್ನು ಬಿಟ್ಟುಕೊಟ್ಟಿತ್ತು. ಗುರುಗಳು ದೋಷವನ್ನು ಕಟುಕನ ಕತ್ತಿಯಿಂದ ತೆಗೆದು ಉಣ್ಣುವವನ ಎಲೆಯ ಮೇಲಿಟ್ಟರು. ಇಂದಿನ ವೀಗನ್ನರು ಬೇಡಿಕೆ, ಪೂರೈಕೆ ಎಂಬ ಅರ್ಥಶಾಸ್ತ್ರದ ಶಬ್ದಗಳಲ್ಲಿ ಹೇಳುವುದು ಇದನ್ನೇ.

ಹಾಗಾದರೆ ಹಾಲು? ಗುರುಗಳ ಬಗ್ಗೆ ಬಾಯಿಂದ ಬಾಯಿಗೆ ಬಂದ ಒಂದು ಪ್ರಸಂಗ ಈ ಪ್ರಶ್ನೆಯನ್ನು ನೇರವಾಗಿ ಮುಟ್ಟುತ್ತದೆ. ಆಡಿನ ಹಾಲು ಕುಡಿಯಬಹುದಾದರೆ ಅದರ ಮಾಂಸವನ್ನೇಕೆ ತಿನ್ನಬಾರದೆಂದು ಯಾರೋ ಕೇಳಿದರಂತೆ. ತಾಯಿ ಇದ್ದಾರೆಯೇ ಎಂದು ಗುರುಗಳು ವಿಚಾರಿಸಿದರು. ತೀರಿಕೊಂಡರೆಂದು ಉತ್ತರ ಬಂತು. ಹೂಳಿದಿರೋ, ತಿಂದಿರೋ ಎಂದರು ಗುರುಗಳು. ಕೇಳಿದವನ ಬಾಯಿ ಮುಚ್ಚಿಸುವುದಕ್ಕೆ ಈ ಮಾತು ಸಾಕು. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಹಾಲು ಕುಡಿದವನಿಗೆ ಆಡು ತಾಯಿಯಾದರೆ, ಆಡಿನ ಸ್ವಂತ ಮರಿ ಅವನಿಗೆ ಏನಾಗಬೇಕು? ಹಾಲು ಬಿಡದವರು ಈ ಪ್ರಸಂಗವನ್ನು ಹಾಲಿನ ಸಮರ್ಥನೆಯಾಗಿ ಹೇಳುತ್ತಾರೆ, ಬಿಟ್ಟವರು ಅದೇ ಪ್ರಸಂಗವನ್ನು ಮರಿಯ ಪರವಾಗಿ ಹೇಳುತ್ತಾರೆ. ಎರಡನ್ನೂ ನಾನು ತಿರುವನಂತಪುರದಲ್ಲೇ ಕೇಳಿದ್ದೇನೆ.

ಬಲಿಯ ಮಾತು ಬಂದಾಗ ಕನ್ನಡಿಗನಿಗೆ ಜನ್ನ ನೆನಪಾಗದಿರುವುದಿಲ್ಲ. ಹೊಯ್ಸಳ ಬಲ್ಲಾಳನ ಆಸ್ಥಾನದಲ್ಲಿದ್ದ ಆತ 13ನೆಯ ಶತಮಾನದ ಆರಂಭದಲ್ಲಿ ಬರೆದ ‘ಯಶೋಧರ ಚರಿತೆ’ಯಲ್ಲಿ ರಾಜ ತಾಯಿಯ ಒತ್ತಾಯಕ್ಕೆ ಮಣಿದು, ನಿಜದ ಕೋಳಿಯ ಬದಲು ಹಿಟ್ಟಿನ ಕೋಳಿಯನ್ನು ಕಡಿಯುತ್ತಾನೆ. ಕಡಿದಾಗ ಅದು ಕೂಗುತ್ತದೆ. ಸಂಕಲ್ಪಮಾತ್ರದ ಆ ಹಿಂಸೆಗೆ ತಾಯಿ ಮಕ್ಕಳಿಬ್ಬರೂ ಜನ್ಮಜನ್ಮಾಂತರಗಳಲ್ಲಿ ಪ್ರಾಣಿಗಳಾಗಿ ಹುಟ್ಟಿ ತೊಳಲುತ್ತಾರೆ. 1980ರಲ್ಲಿ ಕಾರ್ನಾಡರು ‘ಹಿಟ್ಟಿನ ಹುಂಜ’ದಲ್ಲಿ ಮತ್ತೆ ಎತ್ತಿಕೊಂಡದ್ದೂ ಇದೇ ತೊಡಕನ್ನು. ಕೇರಳದ ದೇವಸ್ಥಾನಗಳಲ್ಲಿ ಆ ಹಿಟ್ಟಿನ ಕೋಳಿಯ ನೆಂಟರು ಇಂದಿಗೂ ಇದ್ದಾರೆ. ಕೊಚ್ಚಿಯ ಸಮೀಪದ ಚೋಟ್ಟಾನಿಕ್ಕರೆಯಲ್ಲಿ ರಾತ್ರಿ ನಡೆಯುವ ಗುರುದಿಗೆ ಅರಿಸಿನ ಮತ್ತು ಸುಣ್ಣ ಕಲಸಿದ ಕೆಂಪು ನೀರು ರಕ್ತದ ಸ್ಥಾನದಲ್ಲಿ ನಿಲ್ಲುತ್ತದೆ. ಕೊಡುಂಗಲ್ಲೂರಿನ ಭರಣಿ ಉತ್ಸವದಲ್ಲಿ ಕೋಳಿ ಕಡಿಯುವ ಪದ್ಧತಿ ನಿಂತಿದೆ. 1968ರಲ್ಲಿ ಕೇರಳ ಪ್ರಾಣಿ ಪಕ್ಷಿ ಬಲಿಯನ್ನು ನಿಷೇಧಿಸುವ ಕಾನೂನು ಮಾಡಿತು. ದೇವರ ಪ್ರೀತಿಗಾಗಿ ದೇವಸ್ಥಾನದಲ್ಲಿ ಕೊಲ್ಲುವುದು ಅಪರಾಧ, ಊಟಕ್ಕಾಗಿ ಕೊಂದರೆ ಅಡ್ಡಿಯಿಲ್ಲ ಎಂಬುದು ಅದರ ಸಾರ. ಈ ಭೇದ ತರ್ಕಕ್ಕೆ ನಿಲ್ಲುವುದಿಲ್ಲವೆಂದು 2020ರಲ್ಲಿ ಕೇರಳ ಹೈಕೋರ್ಟಿಗೆ ಹೋದವರ ಅರ್ಜಿ ವಜಾ ಆಯಿತು. ಕಾನೂನು ಜನ್ನನಂತೆ ಸಂಕಲ್ಪವನ್ನು ನೋಡುತ್ತದೆ. ಕೋಳಿಗೆ ತನ್ನನ್ನು ಯಾವ ಸಂಕಲ್ಪದಿಂದ ಕಡಿದರೆಂಬುದರಿಂದ ಏನಾಗಬೇಕಾಗಿದೆ?

ಸೋಯಾದಲ್ಲಿ ಮಾಡಿದ ಮಾಂಸದಂಥ ತಿನಿಸನ್ನು ತಿನ್ನುವ ವೀಗನ್ನರನ್ನು ಕಂಡು ನಗುವವರ ಆಕ್ಷೇಪ ಕೂಡ ಹಿಟ್ಟಿನ ಕೋಳಿಯದೇ: ಬಿಟ್ಟ ಮೇಲೆ ಅದರ ವೇಷವೇಕೆ ಬೇಕು? ತಿನ್ನುವವನ ಮನಶ್ಶುದ್ಧಿಯೇ ಮುಖ್ಯವೆಂದು ನಂಬುವವರೆಗೆ ಇದು ಗಟ್ಟಿಯಾದ ಆಕ್ಷೇಪ. ಕೋಳಿಯ ಕಡೆಯಿಂದ ನೋಡತೊಡಗಿದವನಿಗೆ ಅರಿಸಿನದ ನೀರೂ ಸಾಕು, ಸೋಯಾ ಕೂಡ ಸಾಕು. ಬಿಡುವ ಮುಂಚಿನ ದೃಷ್ಟಿಗೂ ಅನಂತರದ ದೃಷ್ಟಿಗೂ ಇರುವ ಅಂತರ ನನಗೆ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಕಂಡಿಲ್ಲ.

ಶುದ್ಧಿಯ ಮೋಹ ಎಲ್ಲಿಯವರೆಗೆ ಹೋಗುತ್ತದೆಂಬುದಕ್ಕೆ ಒಂದು ಅಡ್ಡಮಾತು. ತಿರುವನಂತಪುರದ ಪದ್ಮನಾಭನಿಗೆ ಪೂಜೆ ಸಲ್ಲಿಸುವ ನಂಬಿಗಳು ಬರುವುದು ಚಂದ್ರಗಿರಿ ಹೊಳೆಯ ಆಚೀಚಿನ ನಮ್ಮ ಕಾಸರಗೋಡು ಸೀಮೆಯಿಂದ; ಆ ದೇವರ ಮೂಲಸ್ಥಾನವೆಂದು ಹೇಳುವುದು ಕುಂಬಳೆಯ ಬಳಿಯ ಅನಂತಪುರದ ಕೆರೆದೇವಸ್ಥಾನವನ್ನು. ಅಲ್ಲಿನ ಕೆರೆಯಲ್ಲಿದ್ದ ಬಬಿಯಾ ಎಂಬ ಮೊಸಳೆ ನೈವೇದ್ಯದ ಅನ್ನವನ್ನಷ್ಟೇ ಉಣ್ಣುತ್ತದೆ ಎಂಬ ನಂಬಿಕೆಯಿಂದ ಸಸ್ಯಾಹಾರಿ ಮೊಸಳೆ ಎಂದು ನಾಡಿಗೆಲ್ಲ ಹೆಸರಾಯಿತು. 2022ರ ಅಕ್ಟೋಬರಿನಲ್ಲಿ ಅದು ಸತ್ತಾಗ ಜನ ಸಾಲುಗಟ್ಟಿ ದರ್ಶನ ಪಡೆದರು. ಕೆರೆಯ ಮೀನುಗಳ ಪೈಕಿ ಯಾರಾದರೂ ಸಾಕ್ಷಿ ಹೇಳುವಂತಿದ್ದರೆ ಕಥೆ ಹೇಗಿರುತ್ತಿತ್ತೋ.

ಬದಲಾವಣೆಯ ಒಂದೊಂದು ಹಂತವನ್ನೂ ತನ್ನ ಕೈಯಿಂದಲೇ ಬರೆದಿಟ್ಟ ವ್ಯಕ್ತಿ ಗಾಂಧೀಜಿ. 1888ರಲ್ಲಿ ಲಂಡನ್ನಿಗೆ ಹೋದ ವೈಷ್ಣವ ಹುಡುಗ ತಾಯಿಗೆ ಕೊಟ್ಟ ಮಾತಿಗಾಗಿ ಮಾಂಸ ಮುಟ್ಟುತ್ತಿರಲಿಲ್ಲ. ಆದರೆ ಭಾರತೀಯರೆಲ್ಲ ಮಾಂಸಾಹಾರಿಗಳಾಗಬೇಕು, ತಾನೂ ಒಂದು ದಿನ ಮುಕ್ತವಾಗಿ ತಿನ್ನುವಂತಾಗಬೇಕು ಎಂಬುದೇ ಆಗ ಅವರ ಅಭಿಪ್ರಾಯ. ಅಭಿಪ್ರಾಯ ಒಂದು ಕಡೆ, ಊಟ ಇನ್ನೊಂದು ಕಡೆ. ಫ್ಯಾರಿಂಗ್ಡನ್ ಬೀದಿಯ ಸಸ್ಯಾಹಾರಿ ಹೋಟೆಲಿನಲ್ಲಿ ಕೊಂಡ ಹೆನ್ರಿ ಸಾಲ್ಟನ ಪುಸ್ತಕ ಓದಿದ ಮೇಲೆ ತಾನು ಆಯ್ಕೆಯಿಂದ ಸಸ್ಯಾಹಾರಿಯಾದೆನೆಂದು ಅವರು ಆತ್ಮಕಥೆಯಲ್ಲಿ ಹೇಳುತ್ತಾರೆ. ತಟ್ಟೆಯಲ್ಲಿ ಏನೂ ಬದಲಾಗಲಿಲ್ಲ. ಅದನ್ನು ನೋಡುವ ಬಗೆ ಪೂರ್ತಿ ಬದಲಾಯಿತು. (ಶೆಲ್ಲಿಯ ಮೇಲೂ ಥೋರೋನ ಮೇಲೂ ಬರೆದ ಈ ಸಾಲ್ಟನ ಹೆಸರು ನಮ್ಮ ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಒಮ್ಮೆಯೂ ಬರಲಿಲ್ಲ. ಸಸ್ಯಾಹಾರವನ್ನು ಸಮರ್ಥಿಸಿ ಶೆಲ್ಲಿ 1813ರಲ್ಲಿ ಒಂದು ಪ್ರಬಂಧವನ್ನೇ ಬರೆದದ್ದೂ ಬರಲಿಲ್ಲ.)

ಲಂಡನ್ನಿನಲ್ಲಿ ಅವರಿಗೆ ಮಾಂಸಕ್ಕೆ ಮೂರು ವ್ಯಾಖ್ಯೆಗಳು ಸಿಕ್ಕವು. ಮೂರನೆಯ ವ್ಯಾಖ್ಯೆಯಂತೆ ಪ್ರಾಣಿಗಳಿಂದ ಬರುವ ಮೊಟ್ಟೆ, ಹಾಲುಗಳೂ ಮಾಂಸದ ಲೆಕ್ಕಕ್ಕೇ ಸೇರುತ್ತಿದ್ದವು. ಅದನ್ನು ಗಮನಿಸಿಯೂ ಅವರು ತಾಯಿ ಅರ್ಥಮಾಡಿಕೊಂಡ ವ್ಯಾಖ್ಯೆಗೆ ನಿಂತು ಹಾಲು ಕುಡಿದರು. ವಾದ ಗೊತ್ತಿದ್ದರೂ ಅದು ಕಣ್ಣಿಗೆ ಬೀಳಲು ಇನ್ನೂ ಇಪ್ಪತ್ತಕ್ಕೂ ಹೆಚ್ಚು ವರ್ಷ ಬೇಕಾದವು. ದಕ್ಷಿಣ ಆಫ್ರಿಕದಲ್ಲಿ ಹಾಲಿನ ಬಗ್ಗೆ ಹುಟ್ಟಿದ ಮೊದಲ ಸಂಶಯ ಬ್ರಹ್ಮಚರ್ಯಕ್ಕೆ ಸಂಬಂಧಿಸಿದ್ದು, ಅಂದರೆ ತನ್ನ ದೇಹದ್ದು. ಅನಂತರ ಕಲ್ಕತ್ತೆಯ ಗೊಲ್ಲರು ಹಸುಗಳಿಗೆ ಕೊಡುವ ಹಿಂಸೆಯನ್ನು ವಿವರಿಸುವ ಬರಹಗಳು ಕೈಗೆ ಬಂದವು. ಕೊನೆಯ ಹನಿಯವರೆಗೆ ಹಾಲು ಕರೆಯುವುದಕ್ಕಾಗಿ ಹಸುವಿನ ಜನನಾಂಗಕ್ಕೆ ಗಾಳಿ ಊದುವ ‘ಫೂಕಾ’ ಎಂಬ ಕ್ರಮವಿತ್ತು. 1960ರ ಪ್ರಾಣಿಹಿಂಸಾ ತಡೆ ಕಾಯಿದೆಯಲ್ಲಿ ಅದನ್ನು ಹೆಸರಿಸಿಯೇ ನಿಷೇಧಿಸಲಾಗಿದೆ. 1912ರಲ್ಲಿ ಟಾಲ್‌ಸ್ಟಾಯ್ ಫಾರ್ಮಿನಲ್ಲಿ ಕ್ಯಾಲೆನ್‌ಬಾಕ್ ಜೊತೆಗೂಡಿ ಅವರು ಹಾಲು ಬಿಟ್ಟರು.

ಬಿಟ್ಟದ್ದು ಉಳಿಯಲಿಲ್ಲವೆಂಬುದು ನಮಗೆ ಗೊತ್ತಿರುವ ಸಂಗತಿ. 1918ರಲ್ಲಿ ಖೇಡಾದ ಓಡಾಟದ ಅನಂತರ ಬಂದ ಕಾಯಿಲೆ ಅವರನ್ನು ಸಾವಿನಂಚಿಗೆ ಒಯ್ದಿತು. ಹಾಲಿಲ್ಲದೆ ದೇಹ ಕಟ್ಟಲಾರೆನೆಂದು ವೈದ್ಯರು ಹೇಳಿದರು. ವ್ರತ ತೊಟ್ಟಾಗ ಮನಸ್ಸಿನಲ್ಲಿದ್ದದ್ದು ಹಸು ಎಮ್ಮೆಗಳ ಹಾಲು ತಾನೆ, ಆಡಿನ ಹಾಲಿಗೇನು ಎಂದು ಕಸ್ತೂರಬಾ ಸೂಚಿಸಿದರು. ಗಾಂಧೀಜಿ ಒಪ್ಪಿದರು, ವ್ರತದ ಅಕ್ಷರ ಉಳಿಯಿತು, ಆತ್ಮ ಹೋಯಿತು ಎಂಬ ಕೊರಗನ್ನು ಆತ್ಮಕಥೆಯಲ್ಲಿ ಮುಚ್ಚಿಡಲಿಲ್ಲ. 1925ರ ಮಾರ್ಚಿನಲ್ಲಿ ಅವರು ಕೊಚ್ಚಿಗೆ ಬಂದು, ವೈಕಂ ಸತ್ಯಾಗ್ರಹದ ನೆಲಕ್ಕೆ ಹೋಗಿ, 12ನೆಯ ತಾರೀಖು ವರ್ಕಲೆಯ ಶಿವಗಿರಿಯಲ್ಲಿ ನಾರಾಯಣ ಗುರುಗಳನ್ನು ಕಂಡಾಗ, ಆಡಿನ ಹಾಲು ಕುಡಿಯತೊಡಗಿ ಆರೇಳು ವರ್ಷವಾಗಿತ್ತು. ಹುಟ್ಟಿನಿಂದ ಸಸ್ಯಾಹಾರಿಯಾಗಿ, ಆಮೇಲೆ ಆಯ್ಕೆಯಿಂದಲೂ ಆದವರೊಬ್ಬರು. ಮೀನು ತಿನ್ನುವ ಜನರ ನಡುವೆ ಹುಟ್ಟಿ ಅಹಿಂಸೆಗೆ ಬಂದವರಿನ್ನೊಬ್ಬರು. ಅಂದಿನ ಮಾತುಕತೆ ಅಸ್ಪೃಶ್ಯತೆಯನ್ನು ಕುರಿತದ್ದು, ಅದೇ ಆಗಬೇಕಾಗಿತ್ತು. ಆದರೂ ಆಡಿನ ಹಾಲಿನ ಪ್ರಶ್ನೆ ಇಬ್ಬರ ನಡುವೆ ಬರಬಾರದಿತ್ತೇ ಎಂಬ ಆಸೆ ನನ್ನದು.

ಇನ್ನೆರಡು ವರ್ಷಕ್ಕೆ, 1927ರಲ್ಲಿ, ನಂದಿಬೆಟ್ಟದಲ್ಲೂ ಬೆಂಗಳೂರಿನಲ್ಲೂ ಆರೋಗ್ಯ ಸುಧಾರಿಸಿಕೊಳ್ಳುತ್ತಿದ್ದ ಗಾಂಧೀಜಿ, ಆಡುಗೋಡಿಯಲ್ಲಿದ್ದ ಸರ್ಕಾರಿ ಡೈರಿ ಸಂಸ್ಥೆಗೆ ಸುಮಾರು ಎರಡು ವಾರ ವಿದ್ಯಾರ್ಥಿಯಂತೆ ಹೋಗಿ ಹೈನುಗಾರಿಕೆ ಕಲಿತರು. ಹಾಲಿನ ವ್ರತಕ್ಕಾಗಿ ಕೊರಗುತ್ತಿದ್ದವರು ಹಸು ಸಾಕುವ ವಿದ್ಯೆ ಕಲಿತದ್ದರಲ್ಲಿ ವಿರೋಧವಿಲ್ಲ. ಗೋರಕ್ಷಣೆ ಘೋಷಣೆಯಿಂದ ಆಗುವುದಲ್ಲ, ಲೆಕ್ಕದಿಂದ ಆಗಬೇಕೆಂದು ಅವರು ಅರಿತಿದ್ದರು. 1931ರ ನವೆಂಬರಿನಲ್ಲಿ ಲಂಡನ್ನಿನ ಸಸ್ಯಾಹಾರಿಗಳ ಸಂಘದಲ್ಲಿ, ಮುದುಕನಾಗಿದ್ದ ಸಾಲ್ಟನ ಸಮ್ಮುಖದಲ್ಲೇ, ಆರೋಗ್ಯದ ಕಾರಣಕ್ಕೆ ಮಾಂಸ ಬಿಟ್ಟವರು ಬಹುಮಟ್ಟಿಗೆ ಮರಳಿಹೋಗುತ್ತಾರೆ, ನೈತಿಕ ನೆಲೆ ಸಿಕ್ಕವರು ಮಾತ್ರ ಉಳಿಯುತ್ತಾರೆ ಎಂದು ಹೇಳಿದರು. ತಮ್ಮ ಹಾಲಿನ ಸೋಲನ್ನೂ ಅಲ್ಲೇ ಒಪ್ಪಿಕೊಂಡರು.

ಇಂಗ್ಲೆಂಡಿನ ಮರಗೆಲಸದ ಶಿಕ್ಷಕ ಡೊನಾಲ್ಡ್ ವಾಟ್ಸನ್ ಮಾಂಸ ಬಿಟ್ಟದ್ದು 1924ರಲ್ಲಿ, ತನ್ನ 14ನೆಯ ವಯಸ್ಸಿಗೆ, ಚಿಕ್ಕಪ್ಪನ ತೋಟದಲ್ಲಿ ಹಂದಿ ಕೊಯ್ಯುವುದನ್ನು ನೋಡಿದ ಮೇಲೆ. ಹಾಲು ಬಿಡಲು ಅವನಿಗೂ ಇನ್ನು 18 ವರ್ಷ ಹಿಡಿಯಿತು. 1944ರಲ್ಲಿ ವೀಗನ್ ಎಂಬ ಶಬ್ದವನ್ನು ‘ವೆಜಿಟೇರಿಯನ್’ ಎಂಬುದರ ತಲೆ ಬಾಲ ಸೇರಿಸಿ ಮಾಡಿದ. ಆಗ ಅದರ ಅರ್ಥ ಹಾಲು, ಮೊಟ್ಟೆಗಳಿಲ್ಲದ ಊಟ ಎಂದಷ್ಟೇ. ಸಂಘಕ್ಕೆ ಒಂದು ವ್ಯಾಖ್ಯೆಯೇ ಇಲ್ಲವೆಂದು ಲೆಸ್ಲಿ ಕ್ರಾಸ್ ಎಂಬ ಸದಸ್ಯ ಎತ್ತಿತೋರಿಸಿ, ಮನುಷ್ಯನ ಬಳಕೆಯಿಂದ ಪ್ರಾಣಿಗಳ ಬಿಡುಗಡೆ ಎಂಬ ಅರ್ಥ ಸೂಚಿಸಿದ್ದು 1949ರಲ್ಲಿ. ಐದು ವರ್ಷ ಬಿಟ್ಟು ಬದುಕಿದ ಮೇಲೆ ತಾವು ಬಿಟ್ಟದ್ದೇನು ಎಂಬುದು ಅವರಿಗೆ ಗೊತ್ತಾಯಿತು. ಹಾಲಿನ ಪ್ರಶ್ನೆ ಇಂಗ್ಲೆಂಡಿನ ಆವಿಷ್ಕಾರವೆಂದು ಯಾರೂ ತಿಳಿಯಬೇಕಾಗಿಲ್ಲ. 11ನೆಯ ಶತಮಾನದ ಸಿರಿಯಾದ ಅಂಧಕವಿ ಅಲ್ ಮಅರ್ರಿ ಹಾಲು, ಮೊಟ್ಟೆ, ಜೇನು ಮೂರನ್ನೂ ತೊರೆದಿದ್ದ. ನಮ್ಮ ದೇಶದ ಗೆಜೆಟ್ಟಿಗೆ ವೀಗನ್ ಆಹಾರದ ನಿಯಮ ಬಂದದ್ದು 2022ರಲ್ಲಿ.

ಕೇರಳದಲ್ಲಿ ಹಾಲಿನ ಚರಿತ್ರೆಯೂ ಈ ಹೊತ್ತಿಗೆ ಬದಲಾಗಿತ್ತು. 1961ರ ಜಾನುವಾರು ಅಭಿವೃದ್ಧಿ ಕಾನೂನಿನ ಮೇರೆಗೆ ಪರವಾನಗಿಯಿಲ್ಲದ ನಾಟಿ ಹೋರಿಗಳ ಬೀಜ ಒಡೆಯಲಾಯಿತು. 1963ರಲ್ಲಿ ಮುನ್ನಾರಿನ ಬಳಿ ಮಾಡುಪೆಟ್ಟಿಯಲ್ಲಿ ಸ್ವಿಟ್ಜರ್ಲೆಂಡಿನ ನೆರವಿನೊಂದಿಗೆ ಬ್ರೌನ್ ಸ್ವಿಸ್ ತಳಿಯ ಬೆರಕೆ ಆರಂಭವಾಗಿ, ಅದರಿಂದ ಸುನಂದಿನಿ ಎಂಬ ಹಸು ಬಂತು. ವೈಕಂ ಬಳಿಯ ವೆಚ್ಚೂರಿನ, ಸುಮಾರು 90 ಸೆಂಟಿಮೀಟರ್ ಎತ್ತರದ ಪುಟ್ಟ ತಳಿ ಅಳಿವಿನ ಅಂಚಿಗೆ ಹೋಗಿ, 1989ರಿಂದ ಡಾ. ಸೋಸಮ್ಮ ಐಪ್ ಮತ್ತು ಅವರ ವಿದ್ಯಾರ್ಥಿಗಳ ಶ್ರಮದಿಂದ ಉಳಿಯಿತು. ಗಂಡುಕರುವಿನ ಕಥೆ ಇನ್ನೂ ಕಠಿಣ. 1970ರ ದಶಕದ ನಡುವಿನಲ್ಲಿ 8.5 ಲಕ್ಷ ಹೆಕ್ಟೇರಿಗೂ ಹೆಚ್ಚಿದ್ದ ಇಲ್ಲಿನ ಭತ್ತದ ಗದ್ದೆ ಇಂದು 2 ಲಕ್ಷದ ಆಸುಪಾಸಿಗೆ ಇಳಿದಿದೆ. ಉಳಿದಲ್ಲಿ ಉಳುವುದು ಯಂತ್ರ. ಗದ್ದೆಯಿಲ್ಲದ ನಾಡಿನಲ್ಲಿ ಗಂಡುಕರು ಹುಟ್ಟುವುದು ಹಾಲಿಗೆ ನೆಪವಾಗಿ ಮಾತ್ರ. ಕೋಟ್ಯಂತರ ಮನೆಗಳಿಗೆ ಹಾಲು ತಲುಪಿಸಿದ ವರ್ಗೀಸ್ ಕುರಿಯನ್ ಕೋಳಿಕ್ಕೋಡಿನಲ್ಲಿ ಹುಟ್ಟಿದವರು, ಅಮೆರಿಕಕ್ಕೆ ಹೋಗುವ ಮುನ್ನ ಗಾಂಧೀಜಿ ಕಲಿತ ಬೆಂಗಳೂರಿನ ಅದೇ ಸಂಸ್ಥೆಯಲ್ಲಿ ಕೆಲಕಾಲ ಕಲಿತವರು. ಅವರಿಗೆ ಹಾಲು ರುಚಿಸುತ್ತಿರಲಿಲ್ಲ, ಕುಡಿಯುತ್ತಿರಲಿಲ್ಲ. ಕಾರಣ ಕೇಳಿದರೆ ಇಷ್ಟವಿಲ್ಲ ಎಂದಷ್ಟೇ ಹೇಳುತ್ತಿದ್ದರು.

2023ರಲ್ಲಿ ನಮ್ಮ ನಂದಿನಿ ಕೇರಳದಲ್ಲಿ ಮಳಿಗೆ ತೆರೆದದ್ದಕ್ಕೆ ಮಿಲ್ಮಾ ಆಕ್ಷೇಪಿಸಿ ದೊಡ್ಡ ಸುದ್ದಿಯಾಯಿತು. ಕೊಚ್ಚಿಯ ಕನ್ನಡಿಗರಿಗೆ ಊರಿನ ಹಾಲು ಸಿಕ್ಕಿದ ಸಂತೋಷ. ಹಾಲಿನೊಂದಿಗೆ ಗಡಿ ದಾಟಿ ಬರುವ ಇನ್ನೊಂದು ವಸ್ತುವಿನ ಬಗ್ಗೆ ಆಗ ಯಾರೂ ಮಾತಾಡಲಿಲ್ಲ. ಕೇರಳದಲ್ಲಿ ದನದ ವಧೆಗೆ ಪೂರ್ಣ ನಿಷೇಧವಿಲ್ಲ. ಇಲ್ಲಿನ ಕಸಾಯಿಖಾನೆಗಳಿಗೆ ದನಗಳು ಬಹುಕಾಲದಿಂದ ನೆರೆರಾಜ್ಯಗಳಿಂದ ಬರುತ್ತವೆ. ಕರ್ನಾಟಕ 2020ರ ಕಾನೂನಿನಿಂದ ತನ್ನ ಬಾಗಿಲು ಬಿಗಿಮಾಡಿತು. ಒಂದು ರಾಜ್ಯದಲ್ಲಿ ಹಾಲಿನ ಪ್ಯಾಕೆಟ್, ಇನ್ನೊಂದರಲ್ಲಿ ಮಾಂಸದ ಅಂಗಡಿ. ಎರಡನ್ನೂ ಒಂದೇ ವಸ್ತುವಿನ ಎರಡು ತುದಿಗಳೆಂದು ನೋಡಲು ರಾಜಕೀಯದ ಎರಡೂ ಕಡೆಯವರಿಗೆ ಇಷ್ಟವಿಲ್ಲ. ಹಾಲು ಬಿಟ್ಟವರಿಗೆ ಅದು ಕಾಣದೆ ಇರುವುದು ಕಷ್ಟ. ಮಾಂಸ ತಿನ್ನುವ ನೆರೆಯವನ ಮುಂದೆ ಸಸ್ಯಾಹಾರಿಗೆ ಇರುವ ಮೇಲರಿಮೆ ಉಳಿಯದಿರುವುದು ಈ ದೃಷ್ಟಿಯ ಮೊದಲ ಫಲ, ಬಹುಶಃ ಅದರ ಅತ್ಯುತ್ತಮ ಫಲ. ಅದರ ಜಾಗದಲ್ಲಿ ವೀಗನ್ನನ ಹೊಸ ಮೇಲರಿಮೆ ಬಂದು ಕೂರುವುದೂ ಉಂಟು. ಮೀನು ಹಿಡಿದು ಬದುಕುವವನಿಗೆ ಬಾದಾಮಿ ಹಾಲಿನ ಪೊಟ್ಟಣ ಹಿಡಿದು ಉಪದೇಶ ಮಾಡುವವರನ್ನು ಕಂಡರೆ ನನಗೂ ಸಹನೆ ಕಡಿಮೆ.

ಮೂರು ವರ್ಷದಿಂದ ನಾನೂ ಹಾಲು ಬಿಟ್ಟವರ ಪೈಕಿ. ಬಿಡದವರು ಕೇಳುವುದು ಶಕ್ತಿ, ರುಚಿ, ಖರ್ಚುಗಳ ಬಗ್ಗೆ. ಬಿಟ್ಟವರು ಹೇಳುವುದು ಬೇರೆಯೇ: ಊಟ ಸುಲಭ, ಪಂಕ್ತಿ ಕಷ್ಟ. ಬಿ12 ಜೀವಸತ್ವ ಸಸ್ಯಗಳಲ್ಲಿ ಸಿಗದು, ಮಾತ್ರೆ ತೆಗೆದುಕೊಳ್ಳಬೇಕು. ಅದಕ್ಕೆ ವಾದ ಬೇಕಾಗಿಲ್ಲ. ಚಹಾಕ್ಕೆ ಕೇರಳದಲ್ಲಿ ಕಟ್ಟನ್ ಇದೆ. ಕಟ್ಟನ್ ಚಾಯ, ಪರಿಪ್ಪುವಡೆ ಎಂದರೆ ಇಲ್ಲಿ ಹಳೆಯ ಕಮ್ಯುನಿಸ್ಟ್ ಕಾರ್ಯಕರ್ತರ ಸರಳ ಬದುಕಿಗೇ ಹೆಸರು. ಓಣಂ ಸದ್ಯೆಯ ಎಲೆಯಲ್ಲಿ ಓಲನ್, ತೋರನ್, ಎರಿಶ್ಶೇರಿಗಳು ತೆಂಗಿನವು. ಕಾಳನ್, ಪುಳಿಶ್ಶೇರಿ, ಸಂಭಾರಗಳು ಮೊಸರು ಮಜ್ಜಿಗೆಯವು. ಪಾಲಡೆಗೆ ಹಾಲು, ಬೆಲ್ಲದ ಅಡ ಪ್ರಥಮನ್‌ಗೆ ತೆಂಗಿನ ಹಾಲು. ಕೊರ್ಸಾಲಿ ಸೇರಿಸಿಬಿಟ್ಟ ಎರಡು ಬಗೆಯ ಹಾಲನ್ನು ಈ ಎಲೆ ಮೊದಲಿನಿಂದಲೂ ಬೇರೆಯಾಗಿಯೇ ಇಟ್ಟಿತ್ತು.

ಕಣ್ಣು ಬದಲಾದದ್ದು ನನಗೆ ತಿಳಿದದ್ದು ಊಟದಲ್ಲಿ ಅಲ್ಲ, ಪುಣ್ಯಕೋಟಿಯ ಕಥೆಯಲ್ಲಿ. ಕನ್ನಡದ ಮಗು ಮೊದಲು ಅಳುವುದು ಆ ಕಥೆಗೆ. ಸತ್ಯಕ್ಕಾಗಿ ಹುಲಿಯ ಬಾಯಿಗೆ ಮರಳುವ ಹಸು ಎಂದು ಅದನ್ನು ನಮಗೆ ಕಲಿಸಿದರು, ನಾವೂ ಮಕ್ಕಳಿಗೆ ಹಾಗೆಯೇ ಕಲಿಸಿದೆವು. ಹಸು ಹುಲಿಯಲ್ಲಿ ಬೇಡಿದ ಗಡುವು ಏತಕ್ಕೆಂಬುದು ಸತ್ಯದ ಬೆಳಕಿನಲ್ಲಿ ಹಿಂದೆ ಸರಿಯುತ್ತದೆ. ಹಸಿದ ಕರುವಿಗೆ ಮೊಲೆಯೂಡಲು ಅದು ಮನೆಗೆ ಬಂದದ್ದು. ಅದೇ ಕಥೆಯ ಮೊದಲ ಭಾಗದಲ್ಲಿ ಗೊಲ್ಲ ಕಾಳಿಂಗ ಹಸುಗಳ ಹಾಲನ್ನು ಕರೆದು ಕೊಡಗಳಿಗೆ ತುಂಬಿಸಿಕೊಂಡಿದ್ದಾನೆ. ಎಷ್ಟೋ ಸಲ ಕೇಳಿದ ಕಥೆಯಲ್ಲಿ ಆ ಕೊಡಗಳು ನನಗೆ ಮೊದಲ ಬಾರಿ ಕಂಡದ್ದು ಹಾಲು ಬಿಟ್ಟು ವರ್ಷ ಕಳೆದ ಮೇಲೆ.

ಇದನ್ನು ಫೋನಿನಲ್ಲಿ ಅಮ್ಮನಿಗೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಿಂದೆ ನಮ್ಮ ಮನೆಯಲ್ಲಿ ಕರು ಕುಡಿದು ಮಿಕ್ಕಿದ್ದನ್ನೇ ಕರೆಯುತ್ತಿದ್ದದ್ದು ಮಗಾ, ಈಗಿನ ಪ್ಯಾಕೆಟಿನದು ನನಗೆ ಗೊತ್ತಿಲ್ಲ” ಎಂದರು. ಮೊಸರಿಲ್ಲದೆ ಊಟ ಮುಗಿಯುವುದು ಹೇಗೆಂಬುದು ಅವರ ಮುಖ್ಯ ಪ್ರಶ್ನೆ. ದೇವರ ಅಭಿಷೇಕಕ್ಕೆ ಏನು ಮಾಡುತ್ತೀ ಎಂಬುದು ಅನಂತರದ್ದು. ಕಳೆದ ಗಣೇಶ ಚೌತಿಗೆ ತಿರುವನಂತಪುರಕ್ಕೆ ಬಂದಾಗ ಒಂದು ಒಲೆಯಲ್ಲಿ ಕಾಯಿಹಾಲಿನ ಪಾಯಸ ಮಾಡಿ ನೈವೇದ್ಯಕ್ಕಿಟ್ಟರು. ಇನ್ನೊಂದರಲ್ಲಿ ಹೆಪ್ಪು ಹಾಕಲು ಹಾಲು ಕಾಯುತ್ತಿತ್ತು.